ಬೆಂಕಿ ಹೆತ್ತ ನೀರು

ಚೊರ್ವನ್ ಊರಿನಲ್ಲಿ ಆ ಬೆಳಗ್ಗೆ ಸೊನ್ನೆಗಿಂತ ಇಪ್ಪತ್ತನಾಲ್ಕು ಡಿಗ್ರಿ ಕೆಳಗಿನ ಚಳಿ. ಹಾಸಿಗೆಯಿಂದ ಎದ್ದ ಮಲ್ಸುನ್ ಬರಿಗಾಲನ್ನು ನೆಲಕ್ಕಿಟ್ಟವಳೇ ಹಾವು ತುಳಿದವಳಂತೆ ಹಿಂದಕ್ಕೆಳೆದುಕೊಂಡಳು. ಮನೆ ಬೆಚ್ಚಗಿಡುವ ನೆಲದಡಿಯ ಕೊಳವೆಗಳಲ್ಲಿ ಬಿಸಿನೀರು ಹರಿಯುತ್ತಿರಲಿಲ್ಲ. ಬಾಯ್ಲರ್ ನಿಂತುಹೋಗಿತ್ತು.

ಇವತ್ತೇ ನಿಲ್ಲಬೇಕೆ? ಮಧ್ಯಾಹ್ನಕ್ಕೆ ಮಗಳು ಮಿಹ್ವಾ ಬಾಣಂತಿಯರ ಆರೈಕೆ ಮನೆಯಿಂದ ನೇರ ಇಲ್ಲಿಗೇ ಬರುವವಳಿದ್ದಳು, ಹದಿನೈದು ದಿನದ ಕೂಸಿನ ಜೊತೆ. ಬಾಣಂತಿಯ ಮೂಳೆಗೆ ಥಂಡಿಗಾಳಿ ಹೊಕ್ಕರೆ ಮುಪ್ಪಿನವರೆಗೂ ಬಿಡುವುದಿಲ್ಲ. ಕೂಸಿನ ಮಾತಂತೂ ನೆನೆಯುವುದೇ ಬೇಡ.

ಮಲ್ಸುನ್ ಗುಂಡಿ ಒತ್ತಿದಳು, ಬೈದಳು, ಬಾಯ್ಲರಿಗೆ ಹಳೆಯ ರಜಾಯಿ ಹೊದಿಸಿದಳು. ಯಾವುದಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ರಿಪೇರಿಯ ಪ್ಯೋಗೆ ಫೋನ್ ಹಚ್ಚಿದಳು.

"ಅಮ್ಮಾ, ಇವತ್ತು ಊರಿಗೂರೇ ಹೆಪ್ಪುಗಟ್ಟಿದೆ. ನಿಮಗಿಂತ ಮುಂಚೆ ಹದಿನೇಳು ಮನೆ ಇದಾವೆ. ಸಂಜೆಗೆ ಬರ್ತೀನಿ."

"ಮಧ್ಯಾಹ್ನಕ್ಕೆ ಮೊಮ್ಮಗಳು ಬರ್ತಾಳಪ್ಪ. ಸಂಜೆಗೆ ಬಂದು ಯಾರನ್ನ ಬಿಸಿ ಮಾಡ್ತೀಯ?"

ಪ್ಯೋ ಉಸಿರೆಳೆದುಕೊಂಡದ್ದು ಫೋನಿನಲ್ಲೂ ಕೇಳಿಸಿತು. "ಸರಿ, ಫೋನ್ ಹಿಡ್ಕೊಂಡೇ ಬಾಯ್ಲರ್ ಹತ್ರ, ಹಿಂದಿನ ವರಾಂಡಕ್ಕೆ ಹೋಗಿ. ನಲ್ಲೀಲಿ ನೀರು ಬರುತ್ತಾ?"

"ಬರ್ದೇ ಏನು? ಹೆಪ್ಪುಗಟ್ಟದಿರ್ಲಿ ಅಂತ ರಾತ್ರಿಯೆಲ್ಲ ತೊಟ್ಟಿಕ್ಕೋಕೆ ಬಿಟ್ಟಿದ್ದೆ. ನಾನೇನು ನಿನ್ನೆ ಹುಟ್ಟಿದೋಳಾ?"

"ಒಲೇಲಿ ಗ್ಯಾಸು?"

"ಬಾಣಂತಿಗೆ ಅಂತ ಕಡಲಪಾಚಿ ಸಾರು ಕುದೀತಾ ಇದೆ."

"ನೀರೂ ಇದೆ, ಗ್ಯಾಸೂ ಇದೆ. ಹಾಗಾದ್ರೆ ಬಾಯ್ಲರ್ ಹೊಟ್ಟೆಯಿಂದ ಒಂದು ಬಿಳಿ ಕೊಳವೆ ಇಳಿದಿದ್ಯಲ್ಲ, ಬೆರಳು ಗಾತ್ರದ್ದು? ಅದರ ತುದಿ ಎಲ್ಲಿದೆ ನೋಡಿ."

ಮಲ್ಸುನ್ ನೋಡಬೇಕಾಗಿರಲಿಲ್ಲ. ಆ ಕೊಳವೆಯಿಂದ ಹಗಲಿರುಳೂ ತಿಳಿನೀರು ತೊಟ್ಟಿಕ್ಕಿ ಪೋಲಾಗುವುದನ್ನು ಕಂಡು ಅವಳ ಜೀವ ತಡೆದಿರಲಿಲ್ಲ. ಚಿಕ್ಕಂದಿನಲ್ಲಿ ಹೊಳೆಯ ಮಂಜುಗಡ್ಡೆ ಒಡೆದು ನೀರು ಹೊತ್ತವಳು. ತಗಡಿನ ಬಕೆಟ್ ಇಟ್ಟು, ಸಿಡಿಯದಿರಲೆಂದು ಕೊಳವೆಯ ಬಾಯನ್ನು ಅದರೊಳಗೇ ಮುಳುಗಿಸಿದ್ದಳು. ಆ ನೀರಲ್ಲೇ ವರಾಂಡ ತೊಳೆಯುತ್ತಿದ್ದಳು.

"ಬಕೆಟ್ಟಲ್ಲಿ," ಎಂದಳು ಮೆಲ್ಲಗೆ.

"ಬಕೆಟ್ಟಲ್ಲಾ! ನಿಮ್ಮ ವಯಸ್ಸಿನ ಅಮ್ಮಂದಿರೆಲ್ಲ ಒಂದೇ ಶಾಲೇಲಿ ಓದಿದ್ರಾ ಹೇಗೆ? ಇವತ್ತಿಗೆ ನೀವು ನಾಲ್ಕನೆಯೋರು. ಬಕೆಟ್ ನೀರು ಗಡ್ಡೆಯಾಗಿ ಕೊಳವೆ ಬಾಯಿ ಕಟ್ಟಿದೆ. ಬೆವರು ಹೊರಗೆ ಹೋಗ್ದೆ ಒಳಗೇ ತುಂಬ್ಕೊಂಡು ಉರಿ ಹತ್ತೋಕೆ ಬಿಡ್ತಿಲ್ಲ."

"ಯಾರ ಬೆವರು?"

"ಬೆಂಕೀದು. ಗ್ಯಾಸ್ ಉರಿದ್ರೆ ಅದ್ರಿಂದ ನೀರು ಹುಟ್ಟುತ್ತಮ್ಮ. ಮೊದ್ಲು ಆವಿ, ತಣ್ಣಗಾದ್ಮೇಲೆ ನೀರು."

"ಬೆಂಕಿ ನೀರು ಹೆರುತ್ತಾ?"

"ಹೂಂ. ಈಗ ಕೈ ತಾಳೋಷ್ಟು ಬಿಸಿನೀರಲ್ಲಿ ಬಟ್ಟೆ ಅದ್ದಿ ಕೊಳವೆಗೆ ಸುತ್ತಿ. ಕುದಿಯೋ ನೀರು ಬೇಡ, ಸೀಳುತ್ತೆ. ಬಕೆಟ್ಟಿಗೂ ಉಗುರುಬೆಚ್ಚಗಿಂದು ಸುರೀರಿ."

ಮಲ್ಸುನ್ ಹಾಗೇ ಮಾಡಿದಳು. ಮಾಡುತ್ತಲೇ ತಲೆಯಲ್ಲಿ ಅದೇ ಮಾತು ಸುತ್ತುತ್ತಿತ್ತು. ಹತ್ತನೆಯ ವಯಸ್ಸಿನಿಂದ ಒಲೆಗೆ ಸೌದೆ ಒಡ್ಡಿದವಳು. ಬೆಂಕಿ ಬೂದಿ ಕೊಡುತ್ತದೆ, ಮಸಿ ಕೊಡುತ್ತದೆ, ಕಣ್ಣೀರು ಬರಿಸುತ್ತದೆ, ಅಷ್ಟು ಗೊತ್ತಿತ್ತು. ತಾನು ಬಕೆಟ್ಟಿನಲ್ಲಿ ಕೂಡಿಟ್ಟದ್ದು ಬೆಂಕಿಯ ಮಗುವನ್ನೆಂದು ಯಾರು ಹೇಳಿದ್ದರು?

ನಾಲ್ಕನೆಯ ಸಲ ಬಟ್ಟೆ ಬದಲಿಸಿದಾಗ ಗಡ್ಡೆ ಕಟಕ್ಕೆಂದಿತು. ಕೊಳವೆ ಸಡಿಲಾಗಿ ಕೈಗೆ ಬಂತು. ಒಳಗೆ ಕಟ್ಟಿಕೊಂಡಿದ್ದ ನೀರೆಲ್ಲ ಗಳಗಳ ಎಂದು ಅವಳ ಕಾಲ ಮೇಲೇ ಇಳಿಯಿತು.

"ಈಗ ಗುಂಡಿ ಒತ್ತಿ," ಎಂದ ಪ್ಯೋ.

ಒತ್ತಿದಳು. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಒಳಗಿನಿಂದ ಹೂಂ ಎಂದು ಉಸಿರು ಬಂತು. ಸಣ್ಣ ಗಾಜಿನ ಕಿಂಡಿಯಲ್ಲಿ ನೀಲಿ ಉರಿ ಎದ್ದಿತು.

ಮಲ್ಸುನ್ ಬಗ್ಗಿ ಕಿಂಡಿಗೆ ಕಣ್ಣಿಟ್ಟಳು. ಫೋನಿನಲ್ಲಿ ಪ್ಯೋ ಗಾಬರಿಯಾದ. "ಅಮ್ಮಾ, ಇದೀರಾ?"

"ಇದೀನಪ್ಪ. ನೋಡ್ತಾ ಇದೀನಿ."

ಆಮೇಲೆ ಅವಳು ಕೋಣೆಯ ನೆಲಕ್ಕೆ ಅಂಗೈ ಊರಿ ಕುಳಿತಳು. ಮೊದಲು ಬಾಗಿಲ ಬಳಿ ಬಂತು ಬಿಸುಪು, ಆಮೇಲೆ ಗೋಡೆಯುದ್ದಕ್ಕೂ ತಿರುಗಿ, ಕೂಸಿಗೆಂದು ಹಾಸಿಟ್ಟ ಮೂಲೆಗೆ. ಕಾಣದ ಯಾರೋ ನೆಲದಡಿ ಮೆಲ್ಲಗೆ ನಡೆದಂತೆ. ಅಂಗೈಯಿಂದ ಅವಳು ಅದರ ಹಿಂದೆಯೇ ತೆವಳಿದಳು.

ಮಿಹ್ವಾ ಬಂದಾಗ ನೆಲ ಕಾದಿತ್ತು. ಕೂಸನ್ನು ಮೂಲೆಯಲ್ಲಿ ಮಲಗಿಸಿ, "ಅಮ್ಮಾ, ಸ್ವಲ್ಪ ಇಳಿಸೇ, ಸೆಕೆ!" ಎಂದಳು.

ಮಲ್ಸುನ್‌ಗೆ ಕೇಳಿಸಲಿಲ್ಲ. ಕೂಸಿನ ಹಣೆಯ ಮೇಲೆ ಸಾಸಿವೆಯಷ್ಟು ಬೆವರಹನಿ ಮೂಡಿತ್ತು. ಅವಳು ಅದನ್ನು ಒರೆಸದೆ, ಬಾಗಿ, ಬಹಳ ಹೊತ್ತು ನೋಡಿದಳು.