ಎರಡು ಸಣ್ಣ ಗಟ್ಟಿ ರೊಟ್ಟಿ

ಆಗಸ್ಟ್ ಹದಿನಾಲ್ಕರಿಂದ ಸವದತ್ತಿಯ ಹೆಣ್ಣುಮಕ್ಕಳ ಹಾಸ್ಟೆಲ್ಲೊಂದರಲ್ಲಿ ರೊಟ್ಟಿ ಸಣ್ಣದಾಯಿತು.

ಊಟದ ಕೋಣೆಯ ಗೋಡೆಗೆ ಬರೆಸಿದ ಪಟ್ಟಿಯಲ್ಲಿ ಮಧ್ಯಾಹ್ನಕ್ಕೆ ‘ಜೋಳದ ರೊಟ್ಟಿ – ಎರಡು’ ಎಂದಿತ್ತು. ಎರಡೇ ಬರುತ್ತಿದ್ದವು. ಅಗಲ ಎಷ್ಟಿರಬೇಕು ಎಂದು ಪಟ್ಟಿ ಹೇಳಿರಲಿಲ್ಲ. ವಾರ್ಡನ್ ನಾಗರತ್ನಾ ಮೇಡಂ ಒಂದು ಸ್ಟೀಲ್ ಡಬ್ಬಿಯ ಮುಚ್ಚಳ ತಂದು ಅಡುಗೆಯ ರಾಚವ್ವನ ಕೈಗೆ ಕೊಟ್ಟು, “ಇನ್ ಮ್ಯಾಲೆ ಇಷ್ಟ” ಎಂದಿದ್ದರು.

ರಾಚವ್ವ ಸಿರಸಂಗಿಯವಳು. ಮೂವತ್ತು ವರ್ಷ ರೊಟ್ಟಿ ಬಡಿದ ಕೈ ಅವಳದು. ಹಂಚಿನಷ್ಟು ಅಗಲವಾಗುವವರೆಗೆ ಅದು ನಿಲ್ಲುತ್ತಿರಲಿಲ್ಲ. ಸಣ್ಣ ಉಂಡೆ ಹಿಡಿದರೂ ಕೈ ತನ್ನ ರೂಢಿಯಂತೆ ದೂರ ಹೋಗುತ್ತಿತ್ತು, ರೊಟ್ಟಿ ತೆಳುವಾಗಿ ಹರಿಯುತ್ತಿತ್ತು. ಕೊನೆಗೆ ಬಡಿದ ರೊಟ್ಟಿಯ ಮೇಲೆ ಮುಚ್ಚಳ ಒತ್ತಿ, ಸುತ್ತಲಿನದನ್ನು ಕಿತ್ತು ಮತ್ತೆ ಹಿಟ್ಟಿಗೆ ಸೇರಿಸುವುದನ್ನು ಕಲಿತಳು. ದಪ್ಪಗೆ ಬಡಿದರೆ ಮುಚ್ಚಳ ನೆಟ್ಟಗೆ ಕತ್ತರಿಸುತ್ತಿತ್ತು. ಆ ದಪ್ಪ ರೊಟ್ಟಿ ಬೆಳಿಗ್ಗೆ ಹತ್ತಕ್ಕೆ ಬೇಯುತ್ತಿತ್ತು, ಮಧ್ಯಾಹ್ನ ಎರಡಕ್ಕೆ ಹಲಗೆಯಾಗುತ್ತಿತ್ತು. ಉಳಿದ ಜೋಳದ ಚೀಲಗಳು ತಿಂಗಳಿಗೊಮ್ಮೆ ಗೂಡ್ಸ್ ಆಟೋದಲ್ಲಿ ಹೊರಗೆ ಹೋಗುತ್ತಿದ್ದವು. ಎಲ್ಲಿಗೆ ಎಂಬುದು ಆಟೋದವನಿಗೆ ಗೊತ್ತಿತ್ತು.

ಹಾಸ್ಟೆಲ್ಲಿನಲ್ಲಿ ಎಂಬತ್ತೆರಡು ಹುಡುಗಿಯರು. ಮೂರನೆಯ ರೊಟ್ಟಿ ಕೇಳಿದವರಿಗೆ ಗೋಡೆಯ ಪಟ್ಟಿ ತೋರಿಸಲಾಗುತ್ತಿತ್ತು.

ಸಂಘಮಿತ್ರಾ ಅವರಲ್ಲೊಬ್ಬಳು. ಮೊದಲ ಪಿಯುಸಿ, ವಿಜ್ಞಾನ. ರಾಮದುರ್ಗದ ಆಚೆಯ ಹಳ್ಳಿಯವಳು. ಅವಳ ಊರಿನ ಮೊದಲ ಬಸ್ಸು ಸವದತ್ತಿ ಮುಟ್ಟುವ ಹೊತ್ತಿಗೆ ಕಾಲೇಜಿನಲ್ಲಿ ಎರಡು ಪಿರಿಯಡ್ ಮುಗಿದಿರುತ್ತಿದ್ದವು. ಹಾಗಾಗಿ ಹಾಸ್ಟೆಲ್ ಇದ್ದರೆ ಕಾಲೇಜು, ಇಲ್ಲದಿದ್ದರೆ ಇಲ್ಲ. ಮಧ್ಯಾಹ್ನದ ಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ಅವಳು ಗಾಜಿನ ಕೊಳವೆ ಕೆಳಗಿಟ್ಟು ಆಗಾಗ ಮೇಜು ಹಿಡಿದು ನಿಲ್ಲುತ್ತಿದ್ದಳು. ಲೆಕ್ಚರರು ಅದಕ್ಕೆ ಅಂಜಿಕೆ ಎಂದು ಹೆಸರಿಟ್ಟಿದ್ದರು.

ಸಂಜೆ ಐದಕ್ಕೆ ಬೈಲಹೊಂಗಲದಿಂದ ಪೂನಮ್ ಟೀಚರ್ ಬರುತ್ತಿದ್ದರು. ಹಾಸ್ಟೆಲ್ಲಿನ ಇಂಗ್ಲಿಷ್ ಟ್ಯೂಷನ್ ಅವರದು. ವರ್ಷ ವರ್ಷವೂ ಅವರನ್ನು ಹೊಸದಾಗಿ ನೇಮಿಸಲಾಗುತ್ತಿತ್ತು, ವರ್ಷ ವರ್ಷವೂ ವಾರ್ಡನ್ನರ ಶಿಫಾರಸು ಬೇಕಿತ್ತು. ಫೆಬ್ರುವರಿಯ ಒಂದು ಸಂಜೆ ಅವರು ಊಟದ ಕೋಣೆಯ ಹಲಗೆಯ ಮೇಲೆ ಇಂಗ್ಲಿಷಿನ ಗುಣವಾಚಕಗಳನ್ನು ಸಾಲಾಗಿ ನಿಲ್ಲಿಸಿದರು.

“ನಮ್ಮ ಮಾತಿನ್ಯಾಗ ಹೆಂಗ್ ಬೇಕ್ ಹಂಗ್ ಅಂತೀವಿ. ದೊಡ್ಡ ಹಳೇ ಕರೀ ಬಾಗಲಾ, ಕರೀ ಹಳೇ ದೊಡ್ಡ ಬಾಗಲಾ. ಯಾರೂ ಬೈಯಾಂಗಿಲ್ಲ. ಇಂಗ್ಲಿಷಿನ್ಯಾಗ ಪಾಳಿ ಐತಿ. ಮೊದ್ಲ ಅಭಿಪ್ರಾಯ. ಆಮ್ಯಾಲೆ ಅಳತಿ. ಆಮ್ಯಾಲೆ ವಯಸ್ಸು, ಬಣ್ಣ. ಹಿಂದಿಂದು ಮುಂದ ನುಗ್ಗೂ ಹಂಗಿಲ್ಲ.”

“ಟೀಚರ್,” ಸಂಘಮಿತ್ರಾ ಕೈ ಎತ್ತಿದಳು. “ಅಳತಿ ನೋಡದ ಅಭಿಪ್ರಾಯ ಹೆಂಗ್ ಹೇಳತಾರ್ರಿ?”

“ಹೇಳತಾರವಾ. ಇಂಗ್ಲಿಷರು ನಮ್ಮ ಇಡೀ ದೇಶದ ಮ್ಯಾಲೆ ಹೇಳಿ ಹೋದ್ರು.”

ದಿನಾ ಕಾಣುವ ವಸ್ತುಗಳ ಮೇಲೆ ಐದು ವಾಕ್ಯ ಬರೆದು ತರಲು ಹೇಳಿದರು. ಹೆಚ್ಚಿನವರು ಗುಲಾಬಿ, ಆನೆ, ತಾಜಮಹಲ್ ತಂದರು. ಅವನ್ನು ಯಾರೂ ದಿನಾ ಕಂಡಿರಲಿಲ್ಲ. ಸಂಘಮಿತ್ರಾಳ ಮೂರನೆಯ ವಾಕ್ಯ ಹೀಗಿತ್ತು: ‘ಎವ್ರಿ ಡೇ ವೀ ಗೆಟ್ ಟೂ ಸ್ಮಾಲ್ ಹಾರ್ಡ್ ರೊಟ್ಟೀಸ್.’ ಪೂನಮ್ ಟೀಚರ್ ಓದಿದರು. ಎಣಿಕೆ ಮೊದಲು, ಅಳತೆ ನಂತರ, ಗುಣ ಕೊನೆಗೆ. ಪಾಳಿ ಸರಿಯಾಗಿತ್ತು. ಕೆಂಪು ಗುರುತು ಹಾಕಿ, ಇಂಗ್ಲಿಷ್ ಮೂಲೆಗೆಂದು ಇಟ್ಟಿದ್ದ ದೊಡ್ಡ ಚಾರ್ಟಿನಲ್ಲಿ ಅವಳಿಂದಲೇ ಬರೆಸಿ, ಕೆಳಗೆ ಅವಳ ಹೆಸರು ಹಾಕಿಸಿ, ಗೋಡೆಗೆ ಹಚ್ಚಿದರು. ಮೇಲಿನ ಆಫೀಸಿನ ಸಾಹೇಬರು ಶುಕ್ರವಾರ ತಪಾಸಣೆಗೆ ಬರುವವರಿದ್ದರು. ಚಾರ್ಟು ಅದಕ್ಕಾಗಿಯೇ ಇತ್ತು.

ಬುಧವಾರ ನಾಗರತ್ನಾ ಮೇಡಂ ಚಾರ್ಟಿನ ಮುಂದೆ ನಿಂತು ಪೂರ್ತಿ ಓದಿದರು. ಟೀಚರನ್ನೂ ಹುಡುಗಿಯನ್ನೂ ಆಫೀಸಿಗೆ ಕರೆಸಿದರು. ಮೇಜಿನ ಮೇಲೆ ಗಾಜಿನ ಗುಂಡಿನ ಕೆಳಗೆ ಸಂಘಮಿತ್ರಾಳ ಅರ್ಜಿ ಇತ್ತು, ಮುಂದಿನ ವರ್ಷಕ್ಕೆ ಸೀಟು ಮುಂದುವರಿಸುವ ಅರ್ಜಿ. ಸಹಿ ಆಗಿರಲಿಲ್ಲ.

“ಟೂ ಇರ್ಲಿ,” ಮೇಡಂ ಅಂದರು. “ಅದು ಸರಕಾರದ್ದು. ಹಾರ್ಡ್ ಇರ್ಲಿ. ಕಡಕ್ ರೊಟ್ಟಿ ಅಂದ್ರ ಹಾರ್ಡೇ, ಮಂದಿ ರೊಕ್ಕಾ ಕೊಟ್ಟು ತಿಂತಾರ. ಸ್ಮಾಲ್ ತಗೀರಿ.”

“ಸ್ಮಾಲ್ ತಗದ್ರ ಅಳತಿಗೆ ಉದಾಹರಣಿ ಇಲ್ದಂಗ ಆಗತೈತ್ರಿ ಮೇಡಂ,” ಟೀಚರ್ ಅಂದರು.

“ಹಂಗಾರ ಬಿಗ್ ಹಾಕ್ರಿ.”

“ಬಿಗ್ ಅಂತ ಓದಿ ಸಾಹೇಬ್ರು ತಾಟ್ ನೋಡಿದ್ರ?”

ಮೇಡಂ ಫ್ಯಾನಿನ ಕಡೆ ನೋಡಿದರು. ಪೂನಮ್ ಟೀಚರಿಗೆ ಮುಂದಿನ ವರ್ಷದ ನೇಮಕ ನೆನಪಾಯಿತು. ಅವರು ಒಳ್ಳೆಯ ಟೀಚರು, ವಿಷಯ ಬಲ್ಲವರು.

“ಇನ್ನೊಂದು ದಾರಿ ಐತ್ರಿ,” ಅಂದರು. “ಸ್ಮಾಲ್ ಅನ್ನೂದು ಕೈಯಾಗ ಸ್ಕೇಲ್ ಹಿಡದ ಬರತೈತಿ. ಅದನ್ನ ಬಿಟ್ಟು ಲಿಟಲ್ ಹಾಕಿ, ಮುಂದ ನೈಸ್ ಅಂತ ಇಡೂಣು. ನೈಸ್ ಲಿಟಲ್ ರೊಟ್ಟೀಸ್. ನಾವು ಸಣ್ಣ ಮನಿ ಅಂದ್ರ ಒಂದ್ ಅರ್ಥ, ಚಂದನ್ನ ಪುಟ್ಟ ಮನಿ ಅಂದ್ರ ಒಂದ್ ಅರ್ಥ ಅಲ್ರಿ? ಮುಂದ ಒಳ್ಳೇ ಅಭಿಪ್ರಾಯ ಇದ್ರ ಹಿಂದಿನ ಅಳತಿ ಯಾರೂ ಅಳೆಯಾಂಗಿಲ್ಲ. ಮುದ್ದ ಅನಸತೈತಿ.”

“ನೈಸ್ ಲಿಟಲ್ ರೊಟ್ಟೀಸ್,” ಮೇಡಂ ಅಂದು ನೋಡಿದರು. ಇನ್ನೊಮ್ಮೆ ಅಂದರು. “ಛಲೋ ಐತಿ. ಹಾರ್ಡ್ ತಗೀರಿ, ಸಾಫ್ಟ್ ಹಾಕ್ರಿ. ಏ ಹುಡುಗಿ, ಶುಕ್ರವಾರ ಸಾಹೇಬ್ರ ಮುಂದ ನಿಂತು ನೀನ ಓದಬೇಕು. ನಿನ್ನ ಹೆಸರೈತಿ. ಶನಿವಾರ ಬಂದು ಈ ಅರ್ಜಿ ಒಯ್ಯಿ.”

ಟೀಚರ್ ಒಂದು ಬಿಳಿ ಚೀಟಿಯ ಮೇಲೆ ಹೊಸ ವಾಕ್ಯ ಬರೆದು ಹಳೆಯದರ ಮೇಲೆ ಅಂಟಿಸಿದರು. ಕೆಳಗಿನ ಹೆಸರು ಹಾಗೇ ಉಳಿಯಿತು.

ಆ ಸಂಜೆ ಅವಳು ಅಪ್ಪನಿಗೆ ಫೋನ್ ಮಾಡಿದಳು. ಅಪ್ಪ ಅರ್ಜುನ ಮನೆಗಳಿಗೆ ವೈರಿಂಗ್ ಮಾಡುವವನು. ಯಾವುದೋ ಗೋಡೆ ಕೊರೆಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದ.

“ಓದಿಬಿಡವಾ. ನಾಕ್ ಅಕ್ಷರ.”

“ನಾಕ್ ಅಕ್ಷರದ ಸಲುವಾಗಿ ಅಲ್ಲೇನಪಾ ನನ್ನ ಇಲ್ಲಿ ಇಟ್ಟಿದ್ದು?”

“ನಿನಗ ತಿಳದಂಗ ಮಾಡು. ಆದ್ರ ಸೀಟ್ ಹೋತಂದ್ರ ನನ್ನ ಕಡೆ ಬ್ಯಾರೆ ದಾರಿ ಇಲ್ಲ. ಇದ್ದದ್ದು ಹೇಳೇನಿ.”

ಗುರುವಾರ ಮಧ್ಯಾಹ್ನ ತಾಟು ತೊಳೆಯಲು ಹೋದಾಗ ರಾಚವ್ವ ಅವಳನ್ನು ಒಳಗೆ ಕರೆದಳು. ಒಲೆಯ ಪಕ್ಕ ಹಿಟ್ಟು ನಾದುವ ದೊಡ್ಡ ಪರಾತ ತೊಳೆದು ಬೋರಲು ಹಾಕಿದ್ದಳು.

“ನಾಳಿ ಮುಚ್ಚಳ ಕಪಾಟಿನ್ಯಾಗ ಇಡು ಅಂದಾರ. ಕೈ ಬಿಚ್ಚಿ ಬಡಿ, ಬೆಣ್ಣಿ ಹಾಕು, ಬಿಸಿ ಬಿಸಿ ಬಡಸು ಅಂದಾರ.”

“ಒಂದ ದಿನಾ?”

“ಒಂದ ದಿನಾ. ಯಾಕ, ನನ್ನ ಕೈಗೂ ಸೂಟಿ ಬ್ಯಾಡೇನು? ಆರು ತಿಂಗಳಾತು ಅದನ್ನ ಜೈಲಿನ್ಯಾಗ ಇಟ್ಟು.” ರಾಚವ್ವ ನಗುತ್ತಿದ್ದಳು. ಆಮೇಲೆ ನಿಲ್ಲಿಸಿದಳು. “ನಿಮ್ಮ ಹೊಟ್ಟಿ ತುಂಬತೈತಲ್ಲ ಅಂತ ಹೂಂ ಅಂದೆ, ತಂಗಿ. ತಪ್ಪಾತೇನು?”

“ನಿಂದೇನ್ ತಪ್ಪಬೇ. ನಾಳಿ ಸಣ್ಣ ಅಂದ್ರ ನಾ ಸುಳ್ಳಿ ಆಗತೇನಿ, ಅಷ್ಟ.”

ಇದು ಮೇಡಂಗೂ ಹೊಳೆದಿತ್ತು, ಬೇರೆ ತುದಿಯಿಂದ. ತಾಟಿನ ಅಂಚು ದಾಟುವ ರೊಟ್ಟಿ ಇಟ್ಟುಕೊಂಡು ಗೋಡೆಯ ಮೇಲೆ ‘ಲಿಟಲ್’ ಎಂದು ಬರೆದಿದ್ದರೆ ಸಾಹೇಬರು ಎರಡನ್ನೂ ನೋಡುತ್ತಾರೆ. ಸಂಜೆ ಪೂನಮ್ ಟೀಚರ್ ಬಸ್ಸಿನಿಂದ ಇಳಿದು ಬರುತ್ತಲೇ ಇನ್ನೊಂದು ಚೀಟಿ ಕತ್ತರಿಸಬೇಕಾಯಿತು. ‘ಎವ್ರಿ ಡೇ ವೀ ಗೆಟ್ ಟೂ ನೈಸ್ ಬಿಗ್ ಸಾಫ್ಟ್ ರೊಟ್ಟೀಸ್.’

“ನೈಸ್ ಮತ್ತ ಬಿಗ್ ಕೂಡಿದ್ರ ಇನ್ನೂ ಛಲೋರಿ,” ಟೀಚರ್ ಅಂಟಿಸುತ್ತಾ ಅಂದರು. ಸಂಘಮಿತ್ರಾ ಹಿಂದೆ ನಿಂತಿದ್ದಳು. ಟೀಚರ್ ತಿರುಗಲಿಲ್ಲ. “ನಾನೂ ಹಾಸ್ಟೆಲ್ಲಿನ್ಯಾಗ ಓದಿದಾಕಿ, ಯವ್ವಾ. ಓದಿ ಪಾರಾಗು.”

“ಪಾಳಿ ಸರಿ ಐತೇನ್ರಿ ಟೀಚರ್?”

“ಪಾಳಿ ಸರಿ ಐತಿ.”

“ಹಂಗಾರ ಪಾಳಿ ಅಷ್ಟ ಸರಿ ಐತಿ.”

ಟೀಚರ್ ಚೀಟಿಯ ಮೂಲೆಯನ್ನು ಹೆಬ್ಬೆರಳಿನಿಂದ ಬಹಳ ಹೊತ್ತು ಒತ್ತಿದರು.

ಶುಕ್ರವಾರ ಒಂದೂವರೆಗೆ ಸಾಹೇಬರ ಜೀಪು ಬಂತು. ಕಿತ್ತೂರಿನದು ಬೆಳಿಗ್ಗೆ ಮುಗಿಸಿದ್ದರು, ರಾಮದುರ್ಗದ್ದು ಬಾಕಿ ಇತ್ತು. ಸಂಡಾಸು ನೋಡಿದರು, ನೀರಿನ ಟಾಕಿ ನೋಡಿದರು. ಊಟದ ಕೋಣೆಗೆ ಬರುವಾಗ ಹುಡುಗಿಯರು ಸಾಲಾಗಿ ಕುಳಿತಿದ್ದರು. ರೊಟ್ಟಿ ತಾಟಿನಿಂದ ಹೊರಗೆ ಚಾಚಿತ್ತು, ಬೆಣ್ಣೆ ಕರಗಿ ಹರಿಯುತ್ತಿತ್ತು. ಯಾರೂ ಮಾತಾಡುತ್ತಿರಲಿಲ್ಲ. ಬಾಯಿ ಖಾಲಿ ಇರಲಿಲ್ಲ.

ಸಂಘಮಿತ್ರಾಳ ಪಕ್ಕ ಕುಳಿತಿದ್ದ ಗೆಳತಿ ಶೀತಲ ಅವಳನ್ನು ಮೊಣಕೈಯಿಂದ ತಿವಿದಳು. “ಏ, ತಿಂದ ಏಳು. ಹಸದ ಹೊಟ್ಟಿಲೆ ಸುಳ್ಳ ಹೇಳಬಾರದು.”

ಸಂಘಮಿತ್ರಾ ಒಂದು ರೊಟ್ಟಿ ಪೂರ್ತಿ ತಿಂದಳು. ಅದು ನಿಜಕ್ಕೂ ಮೆತ್ತಗಿತ್ತು, ನಿಜಕ್ಕೂ ದೊಡ್ಡದಿತ್ತು. ಆರು ತಿಂಗಳ ನಂತರ ಅಂಥ ರೊಟ್ಟಿ ತಿನ್ನುವಾಗ ಕಣ್ಣಿಗೆ ನೀರು ಬಂದದ್ದು ಚಟ್ನಿಯ ಖಾರಕ್ಕೆ ಎಂದು ಅವಳು ಶೀತಲಳಿಗೆ ಹೇಳಿದಳು.

“ಇಂಗ್ಲಿಷ್ ಮೂಲಿ ನೋಡ್ರಿ ಸರ್,” ಮೇಡಂ ಅಂದರು. “ಹುಡುಗ್ಯಾರು ತಾವ ಬರದಿದ್ದು. ಸಂಘಮಿತ್ರಾ, ಬಾ. ನಿನ್ನ ವಾಕ್ಯ ಓದು.”

ಅವಳು ಎದ್ದು ಕೈ ತೊಳೆದುಕೊಂಡು ಚಾರ್ಟಿನ ಪಕ್ಕ ಬಂದು ನಿಂತಳು. ಮೇಡಂ ಕೈಯಲ್ಲಿ ಫೈಲು ಹಿಡಿದಿದ್ದರು. ಅವಳ ಅರ್ಜಿಯ ತುದಿ ಅದರಿಂದ ಹೊರಗೆ ಕಾಣುತ್ತಿತ್ತು. ತಪಾಸಣೆಗೆಂದು ಬೇಗ ಬಂದಿದ್ದ ಪೂನಮ್ ಟೀಚರ್ ಕಿಟಕಿಯ ಹೊರಗೆ ನೋಡುತ್ತಿದ್ದರು.

“ಓದವಾ,” ಸಾಹೇಬರು ಅಂದರು.

ಅವಳು ಚೀಟಿಯ ಅಂಚನ್ನು ಬೆರಳಿನಿಂದ ಸವರಿದಳು.

“ಓದಾಕ ಬರೂದಿಲ್ಲೇನು?”

“ಬರತೈತ್ರಿ.”

“ಮತ್ತ?”

“ಇದು ಇವತ್ತಿನ ರೊಟ್ಟಿರಿ. ನಾ ಬರದದ್ದು ದಿನಾ ತಿನ್ನೂ ರೊಟ್ಟಿ. ಅದು ಈ ಚೀಟಿ ಕೆಳಗ ಐತ್ರಿ. ಅದನ್ನ ಓದು ಅಂದ್ರ ಓದತೇನಿ.”

ಎಂಬತ್ತೊಂದು ಬಾಯಿಗಳು ಅಗಿಯುವುದನ್ನು ನಿಲ್ಲಿಸಿದವು. ಮೇಡಂ, “ಹುಡುಗಿಗೆ ಸ್ವಲ್ಪ ಅಂಜಿಕಿ ಐತ್ರಿ ಸರ್” ಎಂದರು. ಸಾಹೇಬರು ಚೀಟಿಯನ್ನು ನೋಡಿದರು. ಅದರ ದಪ್ಪ ನೋಡಿದರೆ ಒಂದಕ್ಕಿಂತ ಹೆಚ್ಚು ಇವೆ ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಅವರು ಕೈಗಡಿಯಾರ ನೋಡಿಕೊಂಡರು.

“ಮ್ಯಾಲಿಂದ ಓದಿಬಿಡವಾ. ನನಗ ರಾಮದುರ್ಗಕ್ಕ ಹೋಗೂದೈತಿ.”

“ಹೋಗಿ ಬರ್ರಿ ಸರ್,” ಸಂಘಮಿತ್ರಾ ಅಂದಳು. “ನಾ ಓದೂದಿಲ್ರಿ.”