ಉಪ್ಪು ಹೊಗದ ದುರ್ಬೀನು

ಉಪ್ಪಿನ ಮೇಲೆ ತಪ್ಪು ಹೊರಿಸುವುದು ಸೂರನಿಗೆ ಹುಟ್ಟಿನಿಂದ ಬಂದ ಅಭ್ಯಾಸ. ಬೀಜಾಡಿಯ ಕಡಲ ದಂಡೆಯ ಅವನ ಮನೆಯಲ್ಲಿ ರೇಡಿಯೋ ಸತ್ತದ್ದು ಉಪ್ಪಿನಿಂದ, ಸೈಕಲ್ಲಿನ ಚೈನು ತುಂಡಾದದ್ದು ಉಪ್ಪಿನಿಂದ, ಮೊಬೈಲು ಚಾರ್ಜ್ ಆಗದಿದ್ದರೂ ಉಪ್ಪೇ. ಹಾಗಾಗಿ ಹಕ್ಕಿ ನೋಡುವ ದುರ್ಬೀನಿನಲ್ಲಿ ಮಬ್ಬು ಕಂಡಾಗಲೂ ಅವನಿಗೆ ಬೇರೆ ಯೋಚನೆಯೇ ಬರಲಿಲ್ಲ. ಉಪ್ಪುನೀರು ಹೊಕ್ಕಿದೆ, ಅಷ್ಟೆ. ಅದನ್ನು ಮೂಲೆಗೆ ಎಸೆದು ಇನ್ನೊಂದು ತಂದ. ಎರಡೇ ತಿಂಗಳಲ್ಲಿ ಅದರೊಳಗೂ ಮಬ್ಬು.

ಈಗ ಮೂರನೆಯದಕ್ಕಾಗಿ ಮಗಳು ಶರ್ಮಿಳಾಳನ್ನು ಕರೆದುಕೊಂಡು ಕುಂದಾಪುರದ ಪೇಟೆಯಲ್ಲಿ ಗುಣಪಾಲನ ಕ್ಯಾಮೆರಾ ಅಂಗಡಿಗೆ ಬಂದು ನಿಂತಿದ್ದ. ಸೊಂಟ ಕೈಕೊಟ್ಟು ಆಳಸಮುದ್ರದ ಬೋಟು ಬಿಟ್ಟ ಮೇಲೆ ಅವನನ್ನು ನೀರಿನ ಮೇಲೆ ಉಳಿಸಿದ್ದು ಕಯಾಕ್ ಎಂಬ ಸಣ್ಣ ದೋಣಿಯೊಂದೇ. ಹಿನ್ನೀರಿನಲ್ಲೇ ಬೆಳೆಯುವ ಕಾಂಡ್ಲಾ ಮರಗಳ ನಡುವೆ ಹುಟ್ಟು ಹಾಕುತ್ತಾ ಮುಂದೆ ಹೋಗಿ, ಹಿಂದೆ ಬರುವ ರೆಸಾರ್ಟಿನ ಪ್ರವಾಸಿಗಳಿಗೆ ಹಕ್ಕಿ ತೋರಿಸುವ ಕೆಲಸ. ಸಾಲಿನ ಕೊನೆಯ ಕಯಾಕಿನಲ್ಲಿ ಶರ್ಮಿಳಾ.

ಕಳೆದ ಭಾನುವಾರ ಅವನು "ಅಲ್ಲಿ ಕಾಣಿ, ಬೂದು ಬಕ" ಎಂದು ಎಲ್ಲರಿಗೂ ತೋರಿಸಿದ್ದು ಒಂದು ಕೊಳೆತ ಕಂಬವಾಗಿತ್ತು. ಪ್ರವಾಸಿಗಳು ನಕ್ಕರು. ರೆಸಾರ್ಟಿನ ಮ್ಯಾನೇಜರ್ ನಗಲಿಲ್ಲ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಬೇಕಾಗುತ್ತದೆ ಎಂದು ಹೇಳಿ ಹೋದ. ನೀರು ಬಿಟ್ಟು ದಡದಲ್ಲಿ ಕೂರುವುದನ್ನು ನೆನೆದರೇ ಸೂರನಿಗೆ ಉಸಿರು ಕಟ್ಟುತ್ತಿತ್ತು. ನಾಳೆ ಮತ್ತೆ ಭಾನುವಾರ.

"ಹನ್ನೆರ್ಡ್ ಪಟ್ಟ್ ದೊಡ್ಡ ಮಾಡಿ ತೋರ್ಸುದ್ ಇತ್ತಲೆ, ಅದ್ ಕೊಡಿ" ಎಂದ ಸೂರ.

"ಬ್ಯಾಡ ಸೂರಣ್ಣ" ಎಂದ ಗುಣಪಾಲ. "ದೋಣಿ ಅಲ್ಲಾಡ್ವಲ್ಲಿ ಹನ್ನೆರ್ಡರದ್ದ್ ಹಿಡ್ಕಂಡ್ರೆ ಹಕ್ಕಿ ಕುಣಿತ್ತ್. ಎಂಟ್ ಸಾಕ್. ನೀರ್ ಹೊಗ್ದೆ ಇಪ್ದ್ ಮುಖ್ಯ."

ಹೇಳಿದವನೇ ಕಪ್ಪು ರಬ್ಬರಿನ ಮೈಯ ಒಂದನ್ನು ತೆಗೆದು ನೀರು ತುಂಬಿದ ಬಕೆಟ್ಟಿನಲ್ಲಿ ಮುಳುಗಿಸಿಯೇ ಬಿಟ್ಟ. "ಒಳ್ಗೆ ಗಾಳಿ ಬದ್ಲಿಗೆ ನೈಟ್ರೋಜನ್ ತುಂಬಿರ್. ಮಬ್ಬ್ ಕಟ್ಟುಕೇ ಜಾಗ ಇಲ್ಲೆ."

ಹತ್ತು ನಿಮಿಷ ಸೂರ ಬಕೆಟ್ಟನ್ನೇ ನೋಡುತ್ತಾ ಕೂತ. ಇದಾದರೂ ಸರಿಯಿರಲಿ ಎಂದು ಆನೆಗುಡ್ಡೆ ಗಣಪನಿಗೆ ಪಂಚಕಜ್ಜಾಯದ ಹರಕೆ ಹೇಳಿಕೊಂಡ. ಗುಣಪಾಲ ಮೇಲೆತ್ತಿ ಒರೆಸಿ ಕೊಟ್ಟದ್ದನ್ನು ಹಿಡಿದು ಬಾಗಿಲಿಗೆ ಬಂದು ಕಣ್ಣಿಗೆ ಒತ್ತಿಕೊಂಡ.

ಗಂಜಿತಿಳಿಯಂಥ ಮಬ್ಬು.

ಚಕ್ರ ತಿರುಗಿಸಿದ. ಗಾಜು ಒರೆಸಿದ. ಮತ್ತೆ ನೋಡಿದ. "ಇದ್ರೊಳ್ಗೂ ಹೊಕ್ಕಿತ್ತ್ ಮಾರಾಯ್ರೆ!"

ಗುಣಪಾಲ ತಾನೇ ಇಟ್ಟು ನೋಡಿದ. "ಎಂತ ಹೇಳ್ತ್ರಿ ಸೂರಣ್ಣ? ಎದ್ರಿನ್ ಕಟ್ಟಡದ್ ಬೋರ್ಡಿನ್ ಸಣ್ಣ ಅಕ್ಷರ ಸೈತ ಕಾಂತಿತ್ತ್."

ಇನ್ನೊಂದು ಕೊಟ್ಟ. ಅದರಲ್ಲೂ ಮಬ್ಬು. ಗಾಜಿನ ಕಪಾಟಿನೊಳಗೆ, ಉಪ್ಪಿನ ಗಾಳಿಯನ್ನೇ ಕಾಣದೆ ಕೂತಿದ್ದ ಹೊಚ್ಚ ಹೊಸ ಮೂರನೆಯದನ್ನು ಕೊಟ್ಟ. ಅದರಲ್ಲೂ ಅದೇ ಮಬ್ಬು, ಅದೇ ಜಾಗದಲ್ಲಿ.

ತಪ್ಪು ಉಪ್ಪಿನದಲ್ಲ ಎಂದು ಆಗ ಸೂರನಿಗೆ ಹೊಳೆಯಿತು. ಆಶಾ ಕಾರ್ಯಕರ್ತೆ ವನಜ ಮನೆಯ ಮೆಟ್ಟಿಲಲ್ಲಿ ಎರಡೆರಡು ಸಲ ನಿಂತು ಹೇಳಿದ್ದಳು: ನಿಮ್ಮ ಸಕ್ಕರೆ ಕಾಯಿಲೆ ಕಣ್ಣನ್ನು ಬಿಡುವುದಿಲ್ಲ, ಒಮ್ಮೆ ತೋರಿಸಿಕೊಂಡು ಬನ್ನಿ, ತಡವಾದರೆ ಹೋದದ್ದು ತಿರುಗಿ ಬರುವುದಿಲ್ಲ. ಕಡಲಲ್ಲಿ ಮೈಲು ದೂರದ ಮೀನಿನ ಹಿಂಡು ಗುರುತಿಸಿದ ಕಣ್ಣಿಗೆ ಎಂತದು ಬರುತ್ತದೆ ಎಂದು ಇವನು ನಕ್ಕು ಕಳಿಸಿದ್ದ. ಈಗ ದುರ್ಬೀನನ್ನು ಇಳಿಸಲು ಹೆದರಿಕೆಯಾಯಿತು. ಇಳಿಸಿದರೆ ಮಗಳ ಮುಖ ನೋಡಬೇಕು.

"ಹಾಂ, ಈಗ ಸಮ ಆಯ್ತ್" ಎಂದ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ಇದೇ ಇರ್ಲಿ. ಎಲ್ಲಾ ಕಾಂತಿತ್ತ್."

ಸೂರ ದುರ್ಬೀನು ಇಳಿಸಿ ತಿರುಗಿದ. ಪಕ್ಕದಲ್ಲೇ ನಿಂತಿದ್ದವರು ಅವನಿಗೆ ಕಾಣುತ್ತಿದ್ದರು. ಗುಣಪಾಲ ರಸ್ತೆಯ ಕಡೆ ಕೈಮುಗಿದು ನಿಂತಿದ್ದ. ಶರ್ಮಿಳಾ ಕೂಡ.

ಗರುಡ!

ಗರುಡ ಕಂಡು ಕೈಮುಗಿಯದೆ ಒಂದು ಹೆಜ್ಜೆ ಮುಂದೆ ಇಟ್ಟವನಲ್ಲ ಸೂರ. ಬೋಟಿನಲ್ಲಿ ಬಲೆ ಎಳೆಯುವಾಗಲೂ ಹಗ್ಗವನ್ನು ಹಲ್ಲಲ್ಲಿ ಕಚ್ಚಿಕೊಂಡು ಕೈಮುಗಿದ ಮನುಷ್ಯ. ಶರ್ಮಿಳಾಗೆ ಆ ಪಾಠ ಹೇಳಿಕೊಟ್ಟದ್ದೂ ಅವನೇ, ಅವಳಿಗಿನ್ನೂ ಸರಿಯಾಗಿ ಮಾತು ಬರುವ ಮೊದಲೇ. ಗಡಬಡಿಸಿ ದುರ್ಬೀನನ್ನು ಕಂಕುಳಲ್ಲಿ ಅವುಚಿಕೊಂಡು, ರಸ್ತೆಯಾಚೆ ತೆಂಗಿನಮರ ಇರುವ ದಿಕ್ಕಿಗೆ ಕೈಮುಗಿದ. ಗರುಡ ಕೂತರೆ ಅಲ್ಲೇ ಕೂರಬೇಕು.

"ಕಂಡೆ, ಕಂಡೆ. ಆಗ್ಳೇ ಕಂಡಿದೆ."

ಗುಣಪಾಲ ಒಳಗೆ ಹೋಗಿ, ಒದ್ದೆಯೇ ಆಗದ ಕೌಂಟರನ್ನು ಬಟ್ಟೆಯಿಂದ ಒರೆಸತೊಡಗಿದ. ಶರ್ಮಿಳಾ ಅಪ್ಪನ ಎದುರಿಗೆ ಬಂದಳು. ಅವನ ಮುಗಿದ ಕೈಗಳನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಮೆಲ್ಲಗೆ ಎಡಕ್ಕೆ ತಿರುಗಿಸಿದಳು. ತೆಂಗಿನಮರ ದಾಟಿ, ಕಟ್ಟಡ ದಾಟಿ, ಬೀದಿದೀಪದ ಕಂಬದವರೆಗೂ ತಿರುಗಿಸಿದಳು.

"ಇನ್ನೂ ಕೂಕಂಡಿತ್ತಾ?" ಸೂರ ಕೇಳಿದ.

"ಕೂಕಂಡಿತ್ತ್ ಅಪ್ಪಯ್ಯ."

ಸೂರ ಹೇಳಿದ: "ನಾಳೆ ನೀನೇ ಮುಂದ್ ಹೋಯ್ಕ್ ಮಗಾ."

ಶರ್ಮಿಳಾ ಅವನ ಕಂಕುಳಿನಿಂದ ದುರ್ಬೀನನ್ನು ಬಿಡಿಸಿಕೊಂಡಳು. ಸೂರ ಕೈ ಇಳಿಸಲಿಲ್ಲ. ಅವಳು ತೋರಿಸಿದ ದಿಕ್ಕಿನ ಮಬ್ಬಿಗೆ ಹಾಗೇ ಮುಗಿದುಕೊಂಡು ನಿಂತಿದ್ದ.