ರಸ್ತೆಗೆ ಮುಖ ಮಾಡಿದ ಸಾಲು

ಗಡಿಯಾಚೆಯ ಗಣಿಸೀಮೆಯ ಊರು ಕುಡಚಡೆಯ ಬೆವರಿಳಿಸುವ ಮಧ್ಯಾಹ್ನಗಳಲ್ಲೂ ಕಂದುಬಣ್ಣದ ಉಣ್ಣೆಯ ಕೋಟನ್ನು ಕಳಚದೆ, ಎಡಗಾಲನ್ನು ತುಸು ಎಳೆಯುತ್ತ, ಯಾರಿಗೂ ದಾರಿ ಬಿಡದವರಂತೆ ರಸ್ತೆಯ ನಟ್ಟನಡುವೆ ನಡೆದುಬರುತ್ತಿದ್ದ ಕಂಠೆಪ್ಪನವರನ್ನು ಕಂಡರೆ ಅದಿರಿನ ಟ್ರಕ್ಕುಗಳೂ ವೇಗ ತಗ್ಗಿಸುತ್ತಿದ್ದವು. ಸೆಖೆಯಾಗುವುದಿಲ್ಲವೇ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: “ಆಗ್ತೈತ್ರಿ. ಆದ್ರ ಗುತ್ತಿಗೆದಾರ ಅಂತ ಗುರುತು ಹಿಡೀಬೇಕಲ್ರಿ!”

ವಿಜಾಪುರದ ಕಡೆಯಿಂದ ಗಾರೆಕೆಲಸಕ್ಕೆಂದು ಬಂದು ಗುತ್ತಿಗೆದಾರರಾಗಿ ಬೆಳೆದಿದ್ದ ಅವರು, ರೈಲ್ವೆ ನೌಕರಿಯ ನಿಮಿತ್ತ ನಾನು ಅಲ್ಲಿಗೆ ವರ್ಗವಾಗಿ ಹೋದ ಎಂಬತ್ತಾರರ ಸುಮಾರಿಗೆ, ನಿಲ್ದಾಣದ ಎದುರಿನ ನಿವೇಶನವನ್ನು ಕೊಂಡು ಮೂರು ಅಂತಸ್ತಿನ ಶಾಪಿಂಗ್ ಸೆಂಟರ್ ಕಟ್ಟುವ ಸಂಕಲ್ಪ ತೊಟ್ಟಿದ್ದರು. ಆ ಜಾಗದಲ್ಲಿ ಗೋಣಿ ಹಾಸಿಕೊಂಡು ತರಕಾರಿ, ಬಳೆ, ಜೋಳದ ರೊಟ್ಟಿ ಮಾರುವ ನಮ್ಮ ಕಡೆಯ ಹೆಂಗಸರಿದ್ದರು. ಕಂಠೆಪ್ಪನವರು ಏಳಬೇಕೆಂದು ಹೇಳಿದ ದಿನ ಅವರಲ್ಲಿ ಹಿರಿಯಳಾದ ರೊಟ್ಟಿಯ ಸುಂದರವ್ವ ಸೊಂಟಕ್ಕೆ ಕೈಯಿಟ್ಟು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

“ಎದ್ದ ಮ್ಯಾಲೆ ತಿರುಗಿ ಕೂಡಾಕ ಯಾರು ಬಿಡ್ತಾರ್ರಿ, ಅಣ್ಣಾರ?”

“ನಾ ಬಿಡ್ತೇನಿ ತಂಗಿ. ರಸ್ತಾಕ ಮುಖಾ ಮಾಡಿದ ಸಾಲು ನಿಮ್ದು.”

ಅವಳು ನಂಬಿದಂತೆ ಕಾಣಲಿಲ್ಲ. ಆದರೂ ಬುಟ್ಟಿಯೆತ್ತಿಕೊಂಡು ಎದುರಿನ ಗಟಾರದಂಚಿಗೆ ಹೋಗಿ ಕುಳಿತಳು, ಉಳಿದವರೂ ಹಿಂಬಾಲಿಸಿದರು.

ಕಟ್ಟಡಕ್ಕೆ ಪಾಲುದಾರನಾಗಿದ್ದವನು ಪಕ್ಕದೂರು ಸಾವರ್ಡೆಯ ಟ್ರಕ್ಕು ಮಾಲೀಕ ಖೇಮಪ್ಪ. ಕಂಬಗಳೆದ್ದ ಹೊತ್ತಿಗೆ ಟಿ.ವಿ. ವ್ಯಾಪಾರಿಯೊಬ್ಬ ಬಂದು ಇಡೀ ಮುಂಭಾಗವನ್ನು ಬಾಡಿಗೆಗೆ ಕೇಳಿದ. ಹೆಂಗಸರನ್ನು ಹಿಂಬದಿಗೆ ಹಾಕಿದರೆ ಮೇಲಿನ ಅಂತಸ್ತುಗಳಿಗೂ ಬಾಡಿಗೆದಾರರು ತಾವಾಗಿ ಬರುತ್ತಾರೆಂಬುದು ಖೇಮಪ್ಪನ ವಾದ. ವ್ಯವಹಾರದ ದೃಷ್ಟಿಯಿಂದ ಅದು ತಪ್ಪೂ ಆಗಿರಲಿಲ್ಲ. ನಿಲ್ದಾಣದ ಚಹಾದಂಗಡಿಯಲ್ಲಿ ನನ್ನೆದುರೇ ಇಬ್ಬರಿಗೂ ಮಾತು ಬೆಳೆಯಿತು.

“ಅವ್ರಿಗೇನು ಕಾಗದಾ ಬರದು ಕೊಟ್ಟೀರೇನು?” ಎಂದ ಖೇಮಪ್ಪ.

“ಕಾಗದಾ ಇದ್ದಿದ್ರ ವಕೀಲನ ಕಡೆ ಹೋಗಿ ಬಿಡಿಸ್ಕೋಬಹುದಿತ್ತು. ನಾ ಬಾಯಿಲೆ ಹೇಳೇನಿ.”

ಖೇಮಪ್ಪ ಪಾಲು ಹಿಂತೆಗೆದುಕೊಂಡ, ಕೆಲಸ ನಿಂತಿತು. ಎರಡು ಮಳೆಗಾಲ ಬೋಳು ಕಂಬಗಳು ನೆನೆದು ಪಾಚಿಗಟ್ಟಿದವು, ಊರು ನಕ್ಕಿತು. ಕಂಠೆಪ್ಪನವರು ಮಡ್ಕಯಿಯ ಕಾರ್ಖಾನೆಗಳಿಗೆ ಶೆಡ್ಡು ಕಟ್ಟುವ ಸಣ್ಣ ಗುತ್ತಿಗೆಗಳನ್ನು ಹಿಡಿದು, ಬಂದದ್ದನ್ನೆಲ್ಲ ಸಿಮೆಂಟಿಗೆ ಸುರಿದರು. ಕೂಲಿಯವರು ಸಿಗದ ದಿನ ಕೋಟನ್ನು ಮೊಳೆಗೆ ತೂಗುಹಾಕಿ, ಮರೆತೇಹೋಗಿದ್ದ ಕರಣೆಯನ್ನು ತಾವೇ ಕೈಗೆತ್ತಿಕೊಂಡರು. “ಹಟಾ ಅನ್ರಿ, ಹುಚ್ಚ ಅನ್ರಿ, ಈ ಮನಷ್ಯಾ ಹಿಂದ ಸರಿಯಾಂವಲ್ಲ,” ಎಂದು ನನ್ನೆದುರು ಗೊಣಗಿದ ಅವರ ಹೆಂಡತಿ ಬಾಳಮ್ಮ, ಮರುಕ್ಷಣವೇ ಗಾರೆಯ ಬುಟ್ಟಿಯನ್ನು ತಲೆಗೇರಿಸಿಕೊಂಡಿದ್ದರು.

ತೊಂಬತ್ತೊಂದರಲ್ಲಿ ಮಳಿಗೆಗಳು ತೆರೆದವು. ಮೂರು ಅಂತಸ್ತಿನ ಕನಸು ನೆಲಮಟ್ಟಕ್ಕೇ ನಿಂತಿತ್ತು. ಅತ್ತ ಖೇಮಪ್ಪ ಬೇರೆಡೆ ಕಟ್ಟಿಸಿದ ಗಾಜಿನ ಕಟ್ಟಡದಲ್ಲಿ ಟಿ.ವಿ. ವ್ಯಾಪಾರ ಭರದಿಂದ ಸಾಗಿತ್ತು. ರಸ್ತೆಬದಿಯ ಸಾಲಿನಲ್ಲಿ, ತನ್ನ ಮಳಿಗೆಯ ಬಾಗಿಲಲ್ಲಿ ನಿಂತ ಸುಂದರವ್ವ ಮಹಡಿಯಿಲ್ಲದ ಛಾವಣಿಯತ್ತ ಕತ್ತೆತ್ತಿ ನೋಡಿದಳು.

“ಅಣ್ಣಾರ, ನಿಮ್ಮ ಮ್ಯಾಲಿನ ಮಾಳಿಗಿ ಹೋತಲ್ರಿ…”

“ಹೋಗ್ಲಿ ಬಿಡು. ಒಲಿ ಹೊತ್ತಸು, ಹೊಟ್ಟಿ ಹಸದೈತಿ.”

ಕೊಟ್ಟ ಮಾತಿಗೆ ತಪ್ಪದಿರುವುದನ್ನು ಸದ್ಗುಣವೆಂದು ಕೊಂಡಾಡುವ ನಾವು, ಅದು ಹತ್ತಿರದಿಂದ ಎಷ್ಟು ಒರಟಾದ, ಮನೆಮಂದಿಯನ್ನೂ ದಣಿಸುವ ಸ್ವಭಾವವೆಂಬುದನ್ನು ಅರಿಯೆವು. ಅಂಥವರು ಸುಲಭದ ಸಂಗಾತಿಗಳಲ್ಲ, ಲಾಭದ ಪಾಲುದಾರರಂತೂ ಅಲ್ಲವೇ ಅಲ್ಲ. ಆದರೆ ಪರಸ್ಥಳಕ್ಕೆ ಬಂದ ನಿರಾಶ್ರಿತ ಬದುಕುಗಳು ಬೇರು ಬಿಡುವುದು, ಬಹುಮಟ್ಟಿಗೆ, ಅಂಥವರ ಹಟದ ನೆರಳಿನಲ್ಲೇ.